ಮೂರು ಸಾಲು ಹೊಲಿಗೆ

ಅಕ್ಟೋಬರ್ ೧೪, ಮಂಗಳವಾರ

ಈ ಡೈರಿ ಹಲ್ಲು ಡಾಕ್ಟರು ಜನವರಿಯಲ್ಲಿ ಕೊಟ್ಟದ್ದು. ಪ್ರತಿ ಪುಟದ ಕೆಳಗೂ ಒಂದೊಂದು ಹಲ್ಲಿನ ಚಿತ್ರವಿದೆ. ಒಂಬತ್ತು ತಿಂಗಳು ಇದನ್ನು ಕಿಟಕಿ ಬಡಿದುಕೊಳ್ಳದಂತೆ ಸಂದಿಗೆ ಸಿಕ್ಕಿಸಿಟ್ಟಿದ್ದೆ. ಇವತ್ತು ಎಳೆದು ತೆಗೆದಿದ್ದೇನೆ. ಯಾರಿಗೂ ಹೇಳುವುದಿಲ್ಲ ಎಂದು ಭಾವನಿಗೆ ಮಾತು ಕೊಟ್ಟಿದ್ದೇನೆ. ಕಾಗದಕ್ಕೆ ಹೇಳುವುದಿಲ್ಲ ಎಂದು ಕೊಟ್ಟಿಲ್ಲ.

ಹೋದ ವಾರ ಅಂಗಡಿಯಲ್ಲಿ ಭಾವನ ಕೈಯಿಂದ ದೊಡ್ಡ ಕತ್ತರಿ ಜಾರಿ ಬಿತ್ತು. ನಮ್ಮದು ಟಾರ್ಪಾಲಿನ್ ಹೊಲಿಯುವ ಅಂಗಡಿ. ಲಾರಿ ಹೊದಿಕೆ, ಡೇರೆ, ಅಂಗಡಿಗಳ ಮುಂದೆ ಚಾಚುವ ಬಿಸಿಲುಮರೆ, ಎಲ್ಲ ಹೊಲಿಯುತ್ತೇವೆ. ಅಳೆದು ಕತ್ತರಿಸುವುದು ಭಾವ, ಹೊಲಿಯುವುದು ನಾನು. ಇಪ್ಪತ್ತೈದು ವರ್ಷದಿಂದ ಹೀಗೇ. ಆ ಕತ್ತರಿಯನ್ನು ಅವರು ಇನ್ನೊಬ್ಬರಿಗೆ ಮುಟ್ಟಲು ಬಿಟ್ಟವರಲ್ಲ. ಬಿದ್ದದ್ದನ್ನು ಎತ್ತಿಕೊಂಡು "ಎಣ್ಣೆ ಜಾಸ್ತಿ ಆಗಿದೆ" ಎಂದರು. ಮಾರನೆಯ ದಿನ ಮತ್ತೆ ಬಿತ್ತು. ಆಮೇಲೆ ಗಮನಿಸಿದರೆ, ಎಡಗೈಯ ತೋಳಿನ ಗುಂಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಾಕಿಕೊಳ್ಳುತ್ತಿದ್ದರು.

ಇವತ್ತು ದಾರ ತರುವ ನೆಪ ಹೇಳಿ ಇಬ್ಬರೂ ಆಸ್ಪತ್ರೆಗೆ ಹೋದೆವು. ನರದ ಡಾಕ್ಟರು ಭಾವನ ಬಲಗೈ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ನರ ಸೊರಗುತ್ತಿದೆಯಂತೆ. ನಿಲ್ಲಿಸುವ ಔಷಧಿ ಇಲ್ಲವಂತೆ.

"ಎಷ್ಟು ದಿನದಲ್ಲಿ ಪೂರ್ತಿ ಹೋಗುತ್ತೆ?" ಎಂದು ಭಾವ ಕೇಳಿದರು, ಲಾರಿ ಹೊದಿಕೆ ಎಂದು ಸಿಗುತ್ತದೆ ಎಂದು ಗಿರಾಕಿ ಕೇಳುವ ಹಾಗೆ.

"ಹೇಳೋಕಾಗಲ್ಲ," ಎಂದರು ಅವರು.

ವ್ಯಾನಿನಲ್ಲಿ ಕೂತ ಮೇಲೆ ಭಾವ ಹೇಳಿದರು: "ನಿಮ್ಮಕ್ಕಂಗೆ ಹೇಳ್ಬೇಡ. ಹಲ್ಲು ಡಾಕ್ಟ್ರಿಗೂ ಬೇಡ, ಮೀಟ್ರಿಗೂ ಬೇಡ; ಗೊತ್ತಾದ್ರೆ ಹಾರಕ್ಕೆ ಬಿಡಲ್ಲ. ಬೆಟ್ಟದ ರಸ್ತೆ ಹಿಮಕ್ಕೆ ಮುಚ್ಚೋವರೆಗೆ ಅಷ್ಟೇ ಕಣೋ. ಇನ್ನೈದಾರು ವಾರ. ಆಮೇಲೆ ನಾನೇ ಹೇಳ್ತೀನಿ."

"ಆಯ್ತು ಭಾವ," ಎಂದೆ. ಅವರ ಎದುರು ನನ್ನ ಬಾಯಲ್ಲಿ ಬರುವುದು ಅದೊಂದೇ ಮಾತು. ಅಕ್ಕನ ಮದುವೆಯಾದಾಗ ನನಗೆ ಹನ್ನೊಂದು ವರ್ಷ. ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ. ಪೆಟ್ಟಿಗೆಯ ಜೊತೆ ಬೀಗ ಹೋಗುವ ಹಾಗೆ ನಾನೂ ಅಕ್ಕನ ಜೊತೆ ಈ ಮನೆಗೆ ಬಂದೆ. ಈಗ ನಲವತ್ತೊಂದು. ಇವತ್ತಿಗೂ ಯಾವ ಬಣ್ಣದ ದಾರ ಹಾಕಲಿ ಎಂದು ಭಾವನನ್ನೇ ಕೇಳುತ್ತೇನೆ.

ಅಕ್ಟೋಬರ್ ೧೮, ಶನಿವಾರ

ಇವತ್ತು ಹಾರಿದರು. ನಾನು ನೆಲದ ಮೇಲಿನ ಪ್ರಾಣಿ. ನನ್ನ ಕೆಲಸ ವ್ಯಾನು ಓಡಿಸುವುದು. ಭಾವ, ಹಲ್ಲು ಡಾಕ್ಟರು, ಮೀಟರು, ಈ ಮೂವರೂ ಹ್ಯಾಂಗ್ ಗ್ಲೈಡರ್ ಎಂಬ ಬಟ್ಟೆಯ ರೆಕ್ಕೆಯಲ್ಲಿ ಹಾರುವವರು. ಡಾಕ್ಟರಿಗೆ ಐವತ್ತು ದಾಟಿದೆ, ಮಾತು ಅವರ ಕೊರೆಯುವ ಯಂತ್ರದಷ್ಟೇ ಚೂಪು. ಮೀಟರು ಮನೆಮನೆಗೆ ಹೋಗಿ ಕರೆಂಟಿನ ಮೀಟರು ಓದುವವನು. ಒಂಬತ್ತು ವರ್ಷದಿಂದ ಚಳಿ ಇಳಿಯುವ ಮುಂಚಿನ ಈ ವಾರಗಳಲ್ಲಿ ಶನಿವಾರ, ಭಾನುವಾರ ನಮಗೆ ಬೇರೆ ಬದುಕಿಲ್ಲ. ಬೇಸಿಗೆಯ ಗಾಳಿ ಪುಂಡ; ಈಗಿನದು ಮೆತ್ತಗೆ, ಕಣಿವೆಯಿಂದ ಒಂದೇ ಸಮನೆ ಏರಿ ಬರುತ್ತದೆ ಎನ್ನುತ್ತಾರೆ ಭಾವ.

ಬೆಟ್ಟದ ತುದಿಯಲ್ಲಿ ರೆಕ್ಕೆ ಬಿಚ್ಚಿ, ಅದರ ಹೊಟ್ಟೆಯೊಳಗೆ ಹದಿನೆಂಟು ಕಡ್ಡಿ ತೂರಿಸಿ, ಬಿಗಿಯುತ್ತಾರೆ. ಹಾರುವವರು ಮೈಗೆ ಜೋಲಿ ತೊಡುತ್ತಾರೆ. ತೊಟ್ಟಿಲಿನಂತೆ ಮೈಯನ್ನು ಹೊರುವ ದಪ್ಪ ಬಟ್ಟೆಯ ಚೀಲ ಅದು. ಅದರ ಪಟ್ಟಿಯನ್ನು ರೆಕ್ಕೆಯ ನಡುವಿಗೆ ಕೊಕ್ಕೆಯಿಂದ ಸಿಕ್ಕಿಸಿ, ಎರಡು ಪಕ್ಕದ ಕೋಲು ಹಿಡಿದು ಓಡುತ್ತಾರೆ, ನೆಲ ಮುಗಿಯುತ್ತದೆ. ಓಡುವವರೆಗೆ ರೆಕ್ಕೆಯ ಮೂತಿಯ ತಂತಿ ಹಿಡಿದು ಎದುರು ನಿಲ್ಲುವವನು ನಾನು.

ತಂತಿ ಹಿಡಿದವನು ಕೇಳಬೇಕು: "ಕೊಕ್ಕೆ?" "ಹಾಕಿದೆ." "ಕಾಲು?" "ತೂರಿದೆ." "ತಲೆ?" "ಕಟ್ಟಿದೆ." ಕೊನೆಗೆ ಹಾರುವವರು ಕೇಳಬೇಕು: "ಹಾರಲಾ?" ಅಲ್ಲಿ ನಿಂತಿರುವ ಪ್ರತಿಯೊಬ್ಬರೂ ಬಾಯಿ ಬಿಟ್ಟು ಉತ್ತರ ಹೇಳಬೇಕು. ಡ್ರೈವರೂ ಸೇರಿ. ಒಬ್ಬರು "ಬೇಡ" ಎಂದರೂ ಆ ದಿನ ಹಾರುವಂತಿಲ್ಲ. ಯಾಕೆ ಎಂದು ಕೇಳುವಂತಿಲ್ಲ, ಆಗಲೂ ಇಲ್ಲ, ಆಮೇಲೂ ಇಲ್ಲ. ಆದರೆ ಬೇಡ ಎಂದವರೇ ಒಬ್ಬರೇ ಕೂತು ರೆಕ್ಕೆ ಬಿಚ್ಚಿ ಮಡಚಬೇಕು. ಸುಮ್ಮಸುಮ್ಮನೆ ಬೇಡ ಎನ್ನಬಾರದಲ್ಲ, ಅದಕ್ಕೆ ಡಾಕ್ಟರು ಈ ಬಾಲ ಸೇರಿಸಿದರು. ಒಂಬತ್ತು ವರ್ಷದಲ್ಲಿ ಡಾಕ್ಟರು ನಾಲ್ಕು ಸಲ, ಭಾವ ಮೂರು ಸಲ, ಮೀಟರು ಒಂದು ಸಲ ಹೇಳಿದ್ದಾರೆ. ನಾನು ಹೇಳಿಲ್ಲ.

ಭಾವ ಇವತ್ತು ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು: "ಹಾರಲಾ?"

"ಹಾರಿ ಭಾವ," ಎಂದೆ.

ಚೆನ್ನಾಗಿಯೇ ಹಾರಿದರು. ನಲವತ್ತು ನಿಮಿಷ. ಕೆಳಗಿನ ಹುಲ್ಲು ಬಯಲಿನಲ್ಲಿ ನಾನು ಕತ್ತು ಎತ್ತಿ ನಿಂತಿದ್ದೆ. ರಾತ್ರಿ ದಿಂಬು ಮುಟ್ಟಿದರೂ ಕತ್ತು ನೋಯುತ್ತಿದೆ. ಇಷ್ಟು ವರ್ಷ ಅವರು ಮೇಲಿರುವಾಗ ನಾನು ವ್ಯಾನಿನಲ್ಲಿ ನಿದ್ದೆ ಹೊಡೆಯುತ್ತಿದ್ದೆ.

ಅಕ್ಟೋಬರ್ ೨೦, ಸೋಮವಾರ

ಭಾವನ ಜೋಲಿಯ ಭುಜದ ಪಟ್ಟಿ ಸವೆದು ನೂಲು ಕಿತ್ತುಬಂದಿದೆ. "ಶನಿವಾರದೊಳಗೆ ಹೊಲಿದಿಡು" ಎಂದು ನನ್ನ ಮೇಜಿನ ಮೇಲೆ ಹಾಕಿಹೋದರು. ಒಂದು ಗಂಟೆಯ ಕೆಲಸ.

ಆಗ ತಲೆಗೆ ಹೊಳೆಯಿತು. ಜೋಲಿ ಇಲ್ಲದಿದ್ದರೆ ಹಾರುವುದು ಹೇಗೆ?

ಅಕ್ಟೋಬರ್ ೨೫, ಶನಿವಾರ

"ಆ ದಪ್ಪ ದಾರ ಬಂದಿಲ್ಲ ಭಾವ. ಅಂಗಡಿಯವನು ಮುಂದಿನ ವಾರ ಅಂದ."

ದಾರ ನನ್ನ ಮೇಜಿನ ಖಾನೆಯಲ್ಲಿತ್ತು. ನಾನು ಸುಳ್ಳು ಹೇಳುವಾಗ ಕಿವಿ ಕೆಂಪಾಗುತ್ತದೆ ಎಂದು ಅಕ್ಕ ಚಿಕ್ಕಂದಿನಿಂದ ಹೇಳುತ್ತಾಳೆ. ಟೋಪಿ ಕಿವಿ ಮುಚ್ಚುವ ಹಾಗೆ ಎಳೆದುಕೊಂಡು ಹೇಳಿದೆ. ಡಾಕ್ಟರು, ಮೀಟರು ಹಾರಿದರು. ಭಾವ ಬಂಡೆಯ ಮೇಲೆ ಕೂತು ಇಬ್ಬರಿಗೂ "ಹಾರು" ಹೇಳಿ, ನನ್ನ ಪಕ್ಕದ ಸೀಟಿನಲ್ಲಿ ಕೂತು ಬಯಲಿಗೆ ಬಂದರು. ನನಗೆ ಒಳಗೊಳಗೇ ಖುಷಿ. ಗೆದ್ದೆ ಎಂದುಕೊಂಡೆ. ನಾಚಿಕೆಯೂ ಆಯಿತು, ಆದರೆ ಖುಷಿಯೇ ಹೆಚ್ಚು.

ಅಕ್ಟೋಬರ್ ೨೬, ಭಾನುವಾರ

ಅಕ್ಕನಿಗೂ ಮೊದಲು ಖುಷಿಯಾಗಿತ್ತು, ಗಂಡ ಭಾನುವಾರ ಮನೆಯಲ್ಲಿದ್ದಾರಲ್ಲ ಎಂದು. ಮಧ್ಯಾಹ್ನದ ಹೊತ್ತಿಗೆ ಇಳಿಯಿತು. ಭಾವ ಸೋರುವ ನಲ್ಲಿ ಸರಿಮಾಡುತ್ತೇನೆಂದು ಹೋಗಿ ಅಡುಗೆಮನೆಯನ್ನು ಕೆರೆ ಮಾಡಿದರು. ಸ್ಪಾನರು ಹಿಡಿತಕ್ಕೆ ಸಿಗದೆ ಜಾರಿದ್ದು.

"ಇವ್ರು ಗಾಳೀಲಿ ಇರೋದೇ ವಾಸಿ ಕಣೋ," ಎಂದಳು ಅಕ್ಕ, ಬಟ್ಟೆಯಿಂದ ನೀರು ಒರೆಸುತ್ತಾ. "ನೆಲದ ಮೇಲೆ ಇವ್ರನ್ನ ಸಂಭಾಳ್ಸಕ್ಕಾಗಲ್ಲ."

ನಾನೂ ನಕ್ಕೆ. ಬಾಯಿಗೆ ಬೀಗ ಹಾಕಿಕೊಂಡು ನಗುವುದು ಎಷ್ಟು ಕಷ್ಟ ಎಂದು ಇವತ್ತು ಗೊತ್ತಾಯಿತು. ನಲ್ಲಿ ನಾನೇ ಸರಿಮಾಡಿದೆ.

ಅಕ್ಟೋಬರ್ ೩೦, ಗುರುವಾರ

ಭಾವನೇ ಪೇಟೆಗೆ ಹೋಗಿ ದಪ್ಪ ದಾರ ತಂದರು. ಎರಡು ಉಂಡೆ. ಮೇಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೇ ಹೊಲಿಸಿದರು. ಎರಡು ಸಾಲು. ಮಧ್ಯಾಹ್ನ ಅವರು ಊಟಕ್ಕೆ ಹೋದಾಗ ಅಷ್ಟನ್ನೂ ಬಿಚ್ಚಿದೆ.

ನಲವತ್ತೊಂದು ವರ್ಷದ ಗಂಡಸು, ಹೊಲಿದದ್ದನ್ನು ಬಿಚ್ಚುತ್ತಾ ಕೂತಿದ್ದೇನೆ. "ಭಾವ, ಹಾರಬೇಡಿ" ಎಂಬ ಎರಡು ಶಬ್ದ ಹೇಳಲಾರದೆ. ಹೇಳಿದರೆ ಅವರು "ಯಾಕೆ" ಎನ್ನುವುದಿಲ್ಲ, ಅದು ಗೊತ್ತು. ನನ್ನ ಮುಖ ನೋಡುತ್ತಾರೆ. ನಿನ್ನನ್ನು ನಂಬಿ ಹೇಳಿದೆನಲ್ಲ ಎಂಬ ಆ ನೋಟ ನನಗೆ ಬೇಡ. ಮಲಗಿದರೆ ಕನಸಿನಲ್ಲೂ ನಾಲಿಗೆ ಹೊರಳುವುದಿಲ್ಲ.

ಸಂಜೆ ಹಣ್ಣಿನಂಗಡಿಯ ಬಿಸಿಲುಮರೆಯ ಬಟ್ಟೆ ಬಂತು. ಭಾವ ಅಳತೆ ಗುರುತು ಹಾಕಿ, "ನೀನೇ ಕತ್ತರಿಸ್ಬಿಡು, ನನಗೆ ಕಣ್ಣುರಿ" ಎಂದರು. ಕತ್ತರಿಸಿದೆ. ಅಂಚು ಒಂದಿಷ್ಟು ಸೊಟ್ಟ ಬಂತು.

ನವೆಂಬರ್ ೧, ಶನಿವಾರ

"ನೋಡಿ ಭಾವ, ಪಟ್ಟಿ ಬಿಟ್ಕೊಂಡುಬಿಟ್ಟಿದೆ. ಆ ದಾರವೇ ಸರಿಯಿಲ್ಲ."

ಅವರು ತಂದ ದಾರದ ಮೇಲೆಯೇ ತಪ್ಪು ಹೊರಿಸಿದೆ. ಇಷ್ಟು ನೀಚನಾಗಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ಬೆಟ್ಟದ ಮೇಲೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಊರಿಗೆಲ್ಲ ಲಾರಿ ಹೊದಿಕೆ ಹೊಲಿದುಕೊಡೋನು ನೀನು. ನಿಮ್ಮ ಭಾವಂಗೆ ಒಂದು ಪಟ್ಟಿ ಹೊಲಿಯೋಕೆ ಎರಡು ವಾರಾನಾ?"

"ಮೆಷಿನ್ನು ಕೈಕೊಟ್ಟಿದೆ ಡಾಕ್ಟ್ರೇ."

"ಹೂಂ," ಎಂದರು. ಅವರ ಕುರ್ಚಿಯಲ್ಲಿ ಕೂತು ದಿನಾ ಹಲ್ಲು ಉಜ್ಜುತ್ತೇನೆ ಎಂದು ಹೇಳುವವರಿಗೂ ಹೀಗೇ ಹೂಂ ಎನ್ನುತ್ತಾರೆ.

ನವೆಂಬರ್ ೫, ಬುಧವಾರ

ಗಾಳಿ ಪಶ್ಚಿಮ. ಅಂಗಡಿ ಎದುರಿನ ಬೇಕರಿಯ ಹೊಗೆ ಮಧ್ಯಾಹ್ನದವರೆಗೂ ಬೆಟ್ಟದ ಕಡೆಗೇ ಬಾಗಿತ್ತು. ಹಾರಲು ಒಳ್ಳೆಯ ಗಾಳಿ; ಶನಿವಾರದವರೆಗೆ ಉಳಿಯದಿರಲಿ.

ಜೋಲಿ ಎರಡನೆಯ ಸಲ ಹೊಲಿದೆ, ಮತ್ತೆ ಎರಡು ಸಾಲು. ಎರಡನೆಯ ಸಲ ಬಿಚ್ಚಿದೆ.

ಹಣ್ಣಿನಂಗಡಿಯವರು ಬಂದು ಬಿಸಿಲುಮರೆ ಇನ್ನೂ ಒಂದು ಅಡಿ ಮುಂದಕ್ಕೆ ಚಾಚಬೇಕು ಎಂದು ಪಟ್ಟು ಹಿಡಿದರು. ಗಾಳಿ ಕೆಳಗೆ ನುಗ್ಗಿ ಕಿತ್ತುಕೊಂಡು ಹೋಗುತ್ತದೆ, ಆಗುವುದಿಲ್ಲ ಎಂದು ಹೇಳಿ ಕಳಿಸಿದೆ. ಭಾವ ಪಕ್ಕದಲ್ಲೇ ಇದ್ದರು.

ನವೆಂಬರ್ ೮, ಶನಿವಾರ

ಅಕ್ಷರ ಹೇಗಾದರೂ ಬರಲಿ.

ಬೆಳಿಗ್ಗೆ ಬೆಟ್ಟದ ತುದಿಯಲ್ಲಿ ಭಾವ ವ್ಯಾನಿನ ಹಿಂದುಗಡೆಯಿಂದ ಒಂದು ಜೋಲಿ ತೆಗೆದರು. ಡಾಕ್ಟರ ಹಳೆಯದು. ಭಾವ ಫೋನಿನಲ್ಲಿ ಕೇಳಿಕೊಂಡಿದ್ದಾರೆ, ಡಾಕ್ಟರು ನನ್ನೆದುರೇ ವ್ಯಾನಿಗೆ ಹಾಕಿದ್ದಾರೆ, ಅವರು ತೊಡುವುದೇ ಇರಬೇಕು ಎಂದು ನಾನು ಕಣ್ಣೆತ್ತಿಯೂ ನೋಡಿರಲಿಲ್ಲ. ಡಾಕ್ಟರು ಭಾವನ ಭುಜದಷ್ಟೆತ್ತರ. ಅವರ ಅಳತೆಯ ಪಟ್ಟಿ ಭಾವನಿಗೆ ಗಿಡ್ಡ. ಕೊಕ್ಕೆ ಸಿಕ್ಕಿಸಿ ಮಲಗಿ ನೋಡಿದಾಗ ಭಾವ ರೆಕ್ಕೆಗೆ ತೀರ ಹತ್ತಿರ ಏರಿಕೊಂಡಿದ್ದರು. ಕೋಲು ಬೆರಳ ತುದಿಗೆ ಸಿಗುತ್ತಿತ್ತು, ಅಷ್ಟೇ.

"ಸ್ವಲ್ಪ ಗಿಡ್ಡ," ಎಂದರು ಡಾಕ್ಟರು.

"ನಡೆಯುತ್ತೆ," ಎಂದರು ಭಾವ.

ಕೊಕ್ಕೆ, ಕಾಲು, ತಲೆ ಕೇಳಿದೆ. "ಹಾರಲಾ?" ಎಂದರು. ಡಾಕ್ಟರು ಒಂದು ಗಳಿಗೆ ತಡೆದು "ಹಾರಿ" ಎಂದರು. ಮೀಟರು "ಹಾರಿ ಮೇಸ್ತ್ರಿ" ಎಂದ. ಎಲ್ಲರೂ ನನ್ನನ್ನು ನೋಡಿದರು. ಕೈಯ ವಿಷಯ ಗೊತ್ತಿರುವವನು ನಾನೊಬ್ಬನೇ. ಸ್ವಂತ ಜೋಲಿ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿರುವುದು ಯಾರಿಂದ ಎಂದು ಗೊತ್ತಿರುವವನೂ ನಾನೊಬ್ಬನೇ. ಈಗ ಬೇಡ ಎಂದರೆ ಎರಡೂ ಹೊರಗೆ ಬೀಳುತ್ತವೆ ಎಂದು ಆ ಅರೆಗಳಿಗೆಯಲ್ಲಿ ಲೆಕ್ಕ ಹಾಕಿದೆ. ಹೌದು, ಲೆಕ್ಕ ಹಾಕಿದೆ. ಬರೆದಿಡುತ್ತೇನೆ.

"ಹಾರಿ ಭಾವ."

ಉಳಿದಿಬ್ಬರನ್ನೂ ಹಾರಿಸಿ ವ್ಯಾನು ಬಿಟ್ಟುಕೊಂಡು ಬಯಲಿಗೆ ಬರುವಷ್ಟರಲ್ಲಿ ಭಾವ ಇಳಿಯಲು ತಿರುಗಿದ್ದರು. ಇಳಿಯುವಾಗ ಕೊನೆಯ ಕ್ಷಣಕ್ಕೆ ಎರಡೂ ಕೈಯಿಂದ ಕೋಲನ್ನು ಬಲವಾಗಿ ಮೇಲಕ್ಕೆ ತಳ್ಳಬೇಕು. ರೆಕ್ಕೆ ಮೂತಿ ಎತ್ತಿ ನಿಲ್ಲುತ್ತದೆ, ಕಾಲು ನೆಲ ಮುಟ್ಟುತ್ತದೆ. ಎಡಗೈ ತಳ್ಳಿತು. ಬಲಗೈ ಜಾರಿತು. ರೆಕ್ಕೆ ಬಲಕ್ಕೆ ಹೊರಳಿ ಮೂತಿ ನೆಲಕ್ಕೆ ಹೊಡೆಯಿತು. ನಾನು ಓಡಿದೆ. ಇನ್ನೂರು ಹೆಜ್ಜೆ ಇರಬಹುದು. ಓಡುತ್ತಾ ಏನೇನೋ ಕೂಗುತ್ತಿದ್ದೆನಂತೆ, ಮೀಟರು ಮೇಲಿಂದ ಕೇಳಿಸಿಕೊಂಡ.

ಬದುಕಿದ್ದಾರೆ. ಮುಂದಿನ ಒಂದು ಹಲ್ಲು ಹೋಗಿದೆ, ಕೆನ್ನೆ ಸುಲಿದಿದೆ, ಪಕ್ಕೆಲುಬು ಮುಟ್ಟಿದರೆ ಹಾ ಎನ್ನುತ್ತಾರೆ. ಪಕ್ಕದ ಕೋಲು ಬಾಗಿದೆ. ಎದ್ದು ಕೂತು ಮೊದಲು ಹೇಳಿದ ಮಾತು: "ಗಾಳಿ ತಿರುಗಿಬಿಡ್ತು."

ಗಾಳಿ ತಿರುಗಿರಲಿಲ್ಲ. ಬಯಲಿನ ಕಂಬಕ್ಕೆ ಕಟ್ಟಿದ ಬಟ್ಟೆ ಒಂದೇ ಕಡೆಗಿತ್ತು.

ಹಲ್ಲು ಡಾಕ್ಟರು ಇಳಿದ ಕೂಡಲೇ ಅಲ್ಲೇ ಹುಲ್ಲಿನ ಮೇಲೆ ಮಂಡಿಯೂರಿ ಭಾವನ ಬಾಯಿ ತೆರೆಸಿ ನೋಡಿದರು. ಆಮೇಲೆ ಎದ್ದು ಹೋಗಿ ವ್ಯಾನಿನ ಹಿಂದೆ ನಿಂತು ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಇದೇ ಮೊದಲು. "ನಂದೇ ತಪ್ಪು ಕಣೋ. ಆ ಗಿಡ್ಡ ಜೋಲಿ ನಾನು ಕೊಡ್ಬಾರ್ದಿತ್ತು," ಎಂದರು.

ಅಲ್ಲ ಡಾಕ್ಟ್ರೇ, ನಂದು ಎನ್ನಬೇಕಿತ್ತು. ಹೋಗಿ ಬಾಗಿದ ಕೋಲನ್ನು ಎತ್ತಿ ವ್ಯಾನಿಗೆ ಹಾಕಿದೆ.

ನವೆಂಬರ್ ೯, ಭಾನುವಾರ

ಏನು ಬರೆಯಲಿ.

ನವೆಂಬರ್ ೧೨, ಬುಧವಾರ

ಅಕ್ಕ ಬಟ್ಟೆ ಒಣಹಾಕುತ್ತಾ ಕೇಳಿದಳು. "ನಿಮ್ಮ ಭಾವ ಕಪ್ಪನ್ನ ಎಡಗೈಲಿ ಹಿಡೀತಾರೆ. ಹಲ್ಲು ಬಿದ್ದಿದ್ದು ಬಾಯಲ್ಲಿ, ಕೈಗೇನಾಯ್ತು?"

"ಉಳುಕಿರ್ಬೇಕು."

"ಬೀಳೋಕೆ ಮುಂಚೇನೂ ಎಡಗೈಲೇ ಹಿಡೀತಿದ್ರು."

ನಾನು ಬಕೆಟ್ಟಿನಿಂದ ಒಂದು ಹೊದಿಕೆ ತೆಗೆದು ಹಿಂಡತೊಡಗಿದೆ. ಅಕ್ಕ ನನ್ನ ಕಿವಿ ನೋಡಿದಳು. ಟೋಪಿ ಹಾಕಿರಲಿಲ್ಲ.

"ನೀನು ಹೇಳಲ್ಲ. ಅವ್ರೂ ಹೇಳಲ್ಲ. ನಾನು ಈ ಮನೇಲಿ ಗೋಡೆ ಇದ್ದ ಹಾಗೆ," ಎಂದು ಹೇಳಿ ಒಳಗೆ ಹೋದಳು. ತಾಯಿಯ ಜಾಗದಲ್ಲಿ ನಿಂತು ನನ್ನನ್ನು ಸಾಕಿದವಳು. ಕೈಲಿದ್ದ ಹೊದಿಕೆಯನ್ನು ಪೂರ್ತಿ ಒಣಗಿಹೋಗುವಷ್ಟು ಹಿಂಡಿದೆ.

ನವೆಂಬರ್ ೧೫, ಶನಿವಾರ

ಮಂಜು. ಬೆಟ್ಟದ ಮೇಲೆ ನಾಲ್ವರೂ ವ್ಯಾನಿನೊಳಗೆ ಕೂತು ಫ್ಲಾಸ್ಕಿನ ಟೀ ಕುಡಿದೆವು. ಭಾವನ ಪಕ್ಕೆಲುಬು ವಾಸಿಯಾಗಿದೆಯಂತೆ, ಬಾಗಿದ ಕೋಲಿಗೆ ಬದಲು ಹೊಸದು ಹಾಕಿಸಿದ್ದಾರೆ. ಹೊಸ ಹಲ್ಲು ಬರುವವರೆಗೆ ನಗುವುದಿಲ್ಲ ಎಂದು ತುಟಿ ಮುಚ್ಚಿಕೊಂಡಿದ್ದರು. ಅವರನ್ನು ನಗಿಸಲೇಬೇಕೆಂದು ಮೀಟರು ಹಟ ಹಿಡಿದ. ಒಂದು ಮನೆಗೆ ಮೀಟರು ಓದಲು ಹೋದಾಗ ಯಜಮಾನರು ಇವನನ್ನು ಮದುವೆಗೆ ಹುಡುಗಿ ನೋಡಲು ಬಂದವನೆಂದು ಕೂರಿಸಿ, ಇವನ ಸಂಬಳ ವಿಚಾರಿಸಿ, ಕೊನೆಗೆ ಇವನು ಬಿಲ್ಲು ಕೊಟ್ಟಾಗ ಅವರ ಮುಖ ಹೇಗಾಯಿತು ಎಂದು ಮಾಡಿ ತೋರಿಸಿದ. ಭಾವ ನಕ್ಕುಬಿಟ್ಟರು. ಬಾಯಲ್ಲಿ ಕಿಂಡಿ.

ಭಾವ ಬಟ್ಟಲನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದಿದ್ದರು. ಸ್ವಲ್ಪ ಹೊತ್ತಿಗೆ ಡಾಕ್ಟರೂ ತಮ್ಮ ಬಟ್ಟಲನ್ನು ಹಾಗೇ ಎರಡೂ ಕೈಯಲ್ಲಿ ಹಿಡಿದುಕೊಂಡರು. ಚಳಿ ಅಷ್ಟಿತ್ತು.

ಮಂಜು ಬಿಡುವುದಿಲ್ಲ ಎಂದು ಹನ್ನೊಂದಕ್ಕೇ ನಾನು ವ್ಯಾನು ತಿರುಗಿಸಿದೆ.

ನವೆಂಬರ್ ೧೯, ಬುಧವಾರ

ಸೋಮವಾರದಿಂದ ಬೆಟ್ಟದ ರಸ್ತೆಗೆ ಸರಪಳಿ ಎಂದು ತಿರುವಿನಲ್ಲಿ ಹಲಗೆ ಹಾಕಿದ್ದಾರೆ. ಇನ್ನು ಹಿಮ ಕರಗಿದ ಮೇಲೆಯೇ. ಉಳಿದಿರುವುದು ಒಂದೇ ಶನಿವಾರ, ಒಂದೇ ಭಾನುವಾರ. ಹವಾಮಾನದವರು ಭಾನುವಾರ ಮಳೆ ಎಂದಿದ್ದಾರೆ.

"ಜೋಲಿ ಆಗದಿದ್ರೆ ಹೇಳು," ಎಂದರು ಭಾವ. "ಡಾಕ್ಟ್ರ ಹಳೇದೇ ಹಾಕ್ಕೋತೀನಿ."

"ಆಗುತ್ತೆ ಭಾವ."

ನವೆಂಬರ್ ೨೦, ಗುರುವಾರ

ಹೊಲಿದೆ. ಇನ್ನೊಬ್ಬರ ಜೋಲಿಯಲ್ಲಿ ಅವರನ್ನು ಮತ್ತೆ ಕಳಿಸಲಾರೆ. ಎರಡು ಸಾಲು ಸಾಕಿತ್ತು, ಮೂರು ಸಾಲು ಹಾಕಿದೆ. ಹೊಲಿಗೆ ಹಾಕುವಾಗ ನನ್ನ ಕೈ ಒಮ್ಮೆಯೂ ಅಲುಗಲಿಲ್ಲ. ತಲೆಯೊಳಗೆ ಮಾತ್ರ ಒಂದೇ ಸಮನೆ: ಇದನ್ನು ತೊಟ್ಟರೂ ಬಲಗೈ ಅದೇ ಬಲಗೈ. ನಾನು ಹೊಲಿಯಬಲ್ಲದ್ದು ಪಟ್ಟಿಯನ್ನು ಮಾತ್ರ.

ನವೆಂಬರ್ ೨೨, ಶನಿವಾರ

ಹೀಗಾಯಿತು.

ಆಕಾಶ ತೊಳೆದಿಟ್ಟಂತಿತ್ತು. ಮರಗಳಲ್ಲಿ ಎಲೆಯೇ ಉಳಿದಿಲ್ಲ. ಕಣಿವೆಯ ಮನೆಗಳ ಹೊಗೆ ಎಲ್ಲವೂ ನಮ್ಮ ಕಡೆಗೆ ಬಾಗಿತ್ತು. ವರ್ಷಕ್ಕೊಂದು ಸಲ ಸಿಗುವ ಗಾಳಿ. ಭಾವ ದಾರಿಯುದ್ದಕ್ಕೂ ಹಾಡು ಗುನುಗುತ್ತಿದ್ದರು. ಜೋಲಿಯನ್ನು ತೊಟ್ಟುಕೊಂಡು ಭುಜದ ಪಟ್ಟಿಯನ್ನು ಎಳೆದು ನೋಡಿ, "ಪರ್ವಾಗಿಲ್ಲ ಕಣೋ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ನಾನು ತಂತಿ ಹಿಡಿದು ಎದುರು ನಿಂತೆ.

"ಕೊಕ್ಕೆ?" "ಹಾಕಿದೆ." "ಕಾಲು?" "ತೂರಿದೆ." "ತಲೆ?" "ಕಟ್ಟಿದೆ."

"ಹಾರಲಾ?"

"ಹಾರಿ," ಎಂದರು ಡಾಕ್ಟರು. "ಹಾರಿ ಮೇಸ್ತ್ರಿ," ಎಂದ ಮೀಟರು.

ನಾನೂ ಹೇಳುವವನೇ ಇದ್ದೆ. ದೇವರಾಣೆ, ಬಾಯಿ ಅದಕ್ಕೇ ತೆರೆದಿತ್ತು. ಆಗ ಗಾಳಿಗೆ ಅವರ ಬಲದ ತೋಳು ಒಂದಿಷ್ಟು ಮೇಲೆ ಸರಿಯಿತು. ಕೈಗವಸಿಗೆ ಅಂಗೈಯ ಕಡೆ ಒಂದು ಪಟ್ಟಿ ಹೊಲಿದಿತ್ತು. ನಮ್ಮ ಅಂಗಡಿಯ ಲಾರಿ ಹೊದಿಕೆಯ ಹಸಿರು ಪಟ್ಟಿ. ಅದನ್ನು ಕೋಲಿಗೆ ಮೂರು ಸುತ್ತು ಸುತ್ತಿ ಗಂಟು ಹಾಕಿತ್ತು. ಕೈ ಕೋಲನ್ನು ಹಿಡಿದಿರಲಿಲ್ಲ. ಕೈಯನ್ನು ಕೋಲಿಗೆ ಕಟ್ಟಿತ್ತು. ಬಿದ್ದರೆ ಬಿಡಿಸಿಕೊಳ್ಳಲೂ ಆಗದ ಹಾಗೆ.

ಅದಕ್ಕಿಂತ ನನ್ನ ಕಣ್ಣಿಗೆ ಬಿದ್ದದ್ದು ಹೊಲಿಗೆ. ಎಡಗೈಯಲ್ಲಿ ಹಾಕಿದ ಹೊಲಿಗೆ. ಒಂದು ಉದ್ದ, ಒಂದು ಗಿಡ್ಡ, ನಡುವೆ ಎರಡು ಕಡೆ ದಾರ ಗಂಟಾಗಿ ನಿಂತಿತ್ತು. ನನಗೆ ಹನ್ನೆರಡು ವರ್ಷವಿದ್ದಾಗ ನೇರ ಗೆರೆ ಎಳೆದು ಅದರ ಮೇಲೆ ಸೂಜಿ ನಡೆಸಲು ಕಲಿಸಿದವರು. ಅಂಗಡಿ ಮುಚ್ಚಿ ನಾನು ಮನೆಗೆ ಹೋದ ಮೇಲೆ ಒಬ್ಬರೇ ಕೂತು ಇದನ್ನು ಹೊಲಿದಿದ್ದಾರೆ. ಎಷ್ಟು ಸಲ ಬೆರಳಿಗೆ ಚುಚ್ಚಿಕೊಂಡರೋ.

"ಬೇಡ," ಎಂದೆ.

ಗಾಳಿ ಜೋರಿತ್ತು. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ. "ಬೇಡ ಭಾವ."

ಮೀಟರು ಏನೋ ಹೇಳಲು ಬಾಯಿ ತೆರೆದ, ಡಾಕ್ಟರು ಅವನ ತೋಳು ಹಿಡಿದರು. ಭಾವ ನನ್ನನ್ನೇ ನೋಡುತ್ತಿದ್ದರು. ನಾನು ಇಷ್ಟು ದಿನ ಹೆದರಿದ್ದ ಅದೇ ನೋಟ. ಅದು ಬಂದಾಗ ಓಡಿಹೋಗುತ್ತೇನೆ ಎಂದುಕೊಂಡಿದ್ದೆ. ತಂತಿ ಬಿಟ್ಟರೆ ರೆಕ್ಕೆ ಅವರನ್ನು ಎತ್ತಿಕೊಂಡು ಹೋಗುತ್ತದೆ, ಅದಕ್ಕೆ ನಿಂತಿದ್ದೆ.

"ಇನ್ನೊಂದ್ಸಲ ಕೇಳ್ತೀನಿ," ಎಂದರು. ಹಾಗೆ ಕೇಳುವ ನಿಯಮವಿಲ್ಲ. "ಹಾರಲಾ?"

"ಬೇಡ."

ಅವರ ಭುಜ ಇಳಿಯಿತು. ಮೀಟರು ಪಕ್ಕದ ತಂತಿ ಹಿಡಿದ. ಭಾವ ಕೊಕ್ಕೆ ಬಿಚ್ಚಿದರು, ಎಡಗೈಯಲ್ಲಿ. ಬಲಗೈಯ ಗಂಟು ಬಿಚ್ಚಲಾಗಲಿಲ್ಲ. ಹಲ್ಲು ಹಾಕಿ ಎಳೆದರು. ಮುಂದಿನ ಹಲ್ಲೇ ಇಲ್ಲವಲ್ಲ. ಎಲ್ಲರೂ ನೋಡುತ್ತಿದ್ದರು. ನಾನು ಜೇಬಿನಿಂದ ದಾರ ಕತ್ತರಿಸುವ ಸಣ್ಣ ಕತ್ತರಿ ತೆಗೆದು ಪಟ್ಟಿಯನ್ನು ಕತ್ತರಿಸಿದೆ. ಕೈ ಕೋಲಿನಿಂದ ಬಿಟ್ಟುಕೊಂಡು ಪಕ್ಕಕ್ಕೆ ಜೋತುಬಿತ್ತು. ಯಾರೂ ಏನೂ ಕೇಳಲಿಲ್ಲ.

ರೆಕ್ಕೆ ಮಡಚಲು ಕೂತೆ. ಡಾಕ್ಟರು ಒಂದು ಕಡ್ಡಿ ಎಳೆಯಲು ಬಂದರು. ಬಂಡೆಯ ಮೇಲಿಂದ ಭಾವನ ದನಿ ಬಂತು: "ನಿಯಮ ಅಂದ್ರೆ ನಿಯಮ. ಅವ್ನೇ ಮಡಚ್ಲಿ."

ಹದಿನೆಂಟು ಕಡ್ಡಿ. ಒಂದೊಂದನ್ನೂ ಎಳೆದು, ಒರೆಸಿ, ಚೀಲಕ್ಕೆ ಹಾಕಿದೆ. ಎಂಟನೆಯದನ್ನು ತೆಗೆಯುವಾಗ ಅಳು ಬಂತು. ಬಂದದ್ದು ಬರಲಿ ಎಂದು ಅಳುತ್ತಲೇ ಮಡಚಿದೆ. ಇನ್ನು ಇದನ್ನು ಭಾವನಿಗೋಸ್ಕರ ಯಾರೂ ಬಿಚ್ಚುವುದಿಲ್ಲ ಎಂದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಆ ಹೊತ್ತಿನಲ್ಲಿ ನಾನು ಅವರ ಪ್ರಾಣ ಉಳಿಸಿದೆ ಎಂದು ಒಂದು ಚೂರೂ ಅನ್ನಿಸಲಿಲ್ಲ. ಕಸಿದುಕೊಂಡೆ ಎಂದೇ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತಿದೆ.

ಡಾಕ್ಟರಾಗಲಿ ಮೀಟರಾಗಲಿ ಹಾರಲಿಲ್ಲ. ಅಂಥ ಗಾಳಿಯನ್ನು ಹಾಗೇ ಬಿಟ್ಟು ಎಲ್ಲರೂ ಇಳಿದು ಬಂದೆವು. ಅವರಿಬ್ಬರನ್ನು ಇಳಿಸುವ ಮುಂಚೆ, "ಡಾಕ್ಟ್ರೇ, ಅವತ್ತು ಜೋಲಿ ಗಿಡ್ಡ ಆಗಿದ್ದಕ್ಕಲ್ಲ ಅವ್ರು ಬಿದ್ದಿದ್ದು. ನಿಮ್ಮ ತಪ್ಪಲ್ಲ," ಎಂದೆ. ಭಾವ ಕಿಟಕಿಯ ಕಡೆ ತಿರುಗಿ ಕೂತಿದ್ದರು. ಡಾಕ್ಟರು ಹೂಂ ಎನ್ನಲಿಲ್ಲ. ಇಳಿದು, ಭಾವನ ಕಡೆಯ ಬಾಗಿಲಿಗೆ ಬಂದು, ಅವರ ಬಲಗೈಯನ್ನು ಒಂದು ಗಳಿಗೆ ಹಿಡಿದುಕೊಂಡು ಹೋದರು.

ಮನೆಯಲ್ಲಿ ಅಕ್ಕ ಬಾಗಿಲು ತೆರೆದಳು. "ಇದೇನು, ಇಷ್ಟು ಬೇಗ?"

"ನಿನ್ನ ತಮ್ಮ ಬೇಡ ಅಂದ."

"ಇವ್ನಾ? ನಿಮ್ಗಾ?" ಅಕ್ಕ ನಗಲು ಹೋಗಿ ನಮ್ಮಿಬ್ಬರ ಮುಖ ನೋಡಿ ನಿಲ್ಲಿಸಿದಳು.

ಭಾವ ಹೊಸ್ತಿಲಲ್ಲೇ ನಿಂತು ಎರಡೂ ಕೈಯನ್ನು ಅವಳ ಮುಂದೆ ಚಾಚಿದರು. "ಗುಂಡಿ ಬಿಚ್ಚಿಕೊಡು," ಎಂದರು. "ನನ್ನ ಕೈಲಾಗಲ್ಲ."

ನಾನು ಮೇಲೆ ನನ್ನ ಕೋಣೆಗೆ ಬಂದುಬಿಟ್ಟೆ.

ನವೆಂಬರ್ ೨೩, ಭಾನುವಾರ

ಮಳೆ. ಭಾವ ನನ್ನೊಂದಿಗೆ ಮಾತಾಡಲಿಲ್ಲ. ಅಕ್ಕನ ಕಣ್ಣು ಊದಿಕೊಂಡಿದೆ. ಟೀ ಕೊಡುವಾಗ ನನ್ನ ಕಿವಿ ಹಿಡಿದು ಜಗ್ಗಿದಳು, ಚಿಕ್ಕಂದಿನಲ್ಲಿ ಜಗ್ಗುತ್ತಿದ್ದಷ್ಟೇ ಜೋರಾಗಿ. ಆಮೇಲೆ ಬಿಡದೆ ಹಾಗೇ ಹಿಡಿದುಕೊಂಡು ನಿಂತಳು.

ನವೆಂಬರ್ ೨೫, ಮಂಗಳವಾರ

ನಿನ್ನೆಯೂ ಮಾತಿಲ್ಲ. ಸರಪಳಿ ಹಾಕಿದರಂತೆ. ಗಾಳಿ ಉತ್ತರ.

ಇವತ್ತು ಹಣ್ಣಿನಂಗಡಿಯವರ ಇನ್ನೊಂದು ಬಿಸಿಲುಮರೆಗೆ ಬಟ್ಟೆ ಹಾಸಿದ್ದೆ, ಗುರುತು ನಾನೇ ಹಾಕಿದ್ದೆ. ಭಾವ ಮೂಲೆಯಲ್ಲಿ ತೂಗುಹಾಕಿದ್ದ ತಮ್ಮ ಜೋಲಿಯನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಭುಜದ ಪಟ್ಟಿಯ ಮೇಲೆ ಎಡಗೈಯ ಹೆಬ್ಬೆರಳು ಆಡಿಸಿದರು. ಹೊಲಿಗೆ ಬಿಚ್ಚಬಹುದು, ಸೂಜಿ ಹೋದ ತೂತು ದಪ್ಪ ಬಟ್ಟೆಯಲ್ಲಿ ಹಾಗೇ ಉಳಿಯುತ್ತದೆ. ಈ ಕಸುಬಿನವರ ಬೆರಳಿಗೆ ಅದು ಸಿಗದೆ ಇರುವುದಿಲ್ಲ. ಅದು ನನಗೆ ಹೊಳೆದೇ ಇರಲಿಲ್ಲ.

"ಮೂರು ಸಾಲು ಹೊಲಿಗೆ. ತೂತು ಏಳು ಸಾಲಿದೆ," ಎಂದರು. ಮೂರು ದಿನದಲ್ಲಿ ಮೊದಲ ಮಾತು. "ಎಷ್ಟು ಸಲ ಬಿಚ್ಚಿದೆ?"

"ಎರಡು ಸಲ ಭಾವ."

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಒಂದ್ಸಲ ಬಾಯಿ ಬಿಟ್ಟಿದ್ರೆ ಅಷ್ಟು ದಾರ ಉಳೀತಿತ್ತಲ್ಲೋ," ಎಂದರು. ಸ್ವಲ್ಪ ತಡೆದು, "ನನ್ನ ಹಲ್ಲೂನು," ಎಂದರು.

ಜೋಲಿಯನ್ನು ಮತ್ತೆ ಮೊಳೆಗೆ ತೂಗುಹಾಕಿದರು. ತಮ್ಮ ಮೇಜಿಗೆ ಹೋಗಿ, ದೊಡ್ಡ ಕತ್ತರಿಯನ್ನು ಎಡಗೈಯಲ್ಲಿ ತಂದು ನಾನು ಹಾಸಿದ್ದ ಬಟ್ಟೆಯ ಮೇಲಿಟ್ಟು, ಟೀಗೆ ಹೋದರು. ಯಾಕೆ ಎಂದು ನಾನು ಕೇಳಲಿಲ್ಲ. ಕತ್ತರಿಸಲು ಕೂತೆ. ಅಂಚು ನೇರ ಬಂತು.